ಬಲಪುಟದ ಕೊನೆಯ ಆವರ್ತ

ಫೆಬ್ರುವರಿ ೪

ಜನವರಿ ೨೭ರಂದು ಸ್ಪರ್ಧಾಸಮಿತಿಗೆ ಬರೆದ ಪತ್ರದಲ್ಲಿ ತಪ್ಪೊಂದು ಉಳಿದುಹೋಗಿದೆ. ಇಂದು ಬೆಳಗ್ಗೆ ಕ್ಷಮೆ ಕೋರಿ ಬರೆದು ಅಂಚೆಗೆ ಹಾಕಿದೆ. ನಕಲು ಇಲ್ಲಿರಲಿ:

“ಮಾನ್ಯ ಕಾರ್ಯದರ್ಶಿಯವರೇ, ಹಿಂದಿನ ಪತ್ರದಲ್ಲಿ ನನ್ನ ಧ್ವನಿಸುರುಳಿಗಳ ಸಂಖ್ಯೆಯನ್ನು ಹತ್ತು ಎಂದು ನಮೂದಿಸಿದ್ದೆ. ಅವು ಒಂಬತ್ತು. ಎಪ್ಪತ್ತನಾಲ್ಕು ವರ್ಷದವನ ಎಣಿಕೆಯೆಂದು ಮನ್ನಿಸಿ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಒಂಬತ್ತರಲ್ಲಿಯೂ ಪಿಯಾನೊ ನುಡಿಸಿದವನು ನಾನು. ಬೇರೆ ಯಾರ ಪಾಲೂ ಇಲ್ಲ.”

ಹತ್ತನೆಯದು ಕಪಾಟಿನ ಕೆಳಖಾನೆಯಲ್ಲಿದೆ. ಅದರಲ್ಲಿ ಕೇಳತಕ್ಕದ್ದು ಏನೂ ಇಲ್ಲ. ಅಕ್ಕನ ಮಗಳಿಗೂ ಹಾಗೆಯೇ ಹೇಳಿದ್ದೇನೆ.

ಈ ಸ್ಪರ್ಧೆಯ ಸ್ವರೂಪ ನನ್ನ ತಲೆಗೆ ಇನ್ನೂ ಪೂರ್ತಿಯಾಗಿ ಇಳಿದಿಲ್ಲ, ಬರೆದರೆ ಇಳಿಯಬಹುದು. ಐದು ತಂಡಗಳು ಐದು ಗಣಕಗಳನ್ನು ತರುತ್ತವೆ. ಎಲ್ಲಕ್ಕೂ ಒಂದೇ ಹೊಸ ಕೃತಿಯ ಸ್ವರಪುಟಗಳನ್ನು ಕೊಡುತ್ತಾರೆ. ಅದನ್ನು ಯಾರೂ ಮೊದಲು ಕಂಡಿರಬಾರದು. ಒಂದು ಗಂಟೆಯ ತರುವಾಯ ಗಣಕವು ಆ ಕೃತಿಯನ್ನು ಸಭಾಂಗಣದ ಪಿಯಾನೊದಲ್ಲಿ ನುಡಿಸಬೇಕು. ಆ ಪಿಯಾನೊದ ಕೀಲಿಗಳು ತಾವಾಗಿಯೇ ಕೆಳಗಿಳಿಯುತ್ತವೆ, ಮನುಷ್ಯನ ಕೈ ತಾಗಕೂಡದು. ಸ್ವರ ತಪ್ಪದೆ ನುಡಿಸಿದ್ದಕ್ಕೆ ಅಂಕವಿಲ್ಲ, ಅಷ್ಟನ್ನು ಗೋಡೆಗಡಿಯಾರವೂ ಮಾಡುತ್ತದೆ. ಅಂಕವೆಲ್ಲ ಭಾವಕ್ಕೆ: ಎಲ್ಲಿ ಮೆಲುದನಿ, ಎಲ್ಲಿ ಒತ್ತು, ಎಲ್ಲಿ ಉಸಿರು. ಅಕ್ಕನ ಮಗಳು ತನ್ನ ಗಣಕಕ್ಕೆ ಆ ವಿದ್ಯೆಯನ್ನು ನನ್ನ ಹಳೆಯ ಸುರುಳಿಗಳಿಂದ ಕಲಿಸಿದ್ದಾಳೆ. ಅವಳು ಕ್ಯಾಸೆಟ್ ಎನ್ನುತ್ತಾಳೆ; ಅನ್ನಲಿ. ಸುರುಳಿಗಳ ಮೂಲವನ್ನೂ ದಿನಾಂಕವನ್ನೂ ನುಡಿಸಿದವನೇ ಲಿಖಿತವಾಗಿ ದೃಢಪಡಿಸಬೇಕೆಂಬುದು ನಿಯಮ. ಆದ್ದರಿಂದ ಈ ಪತ್ರವ್ಯವಹಾರ.

ಸಮಿತಿಯ ಸುತ್ತೋಲೆಯಲ್ಲಿ “ಸ್ಪರ್ಧಾಳು” ಏಳು ಕಡೆ, “ಪ್ರಾವೀಣ್ಯತೆ” ಮೂರು ಕಡೆ. ಕೆಂಪು ಶಾಯಿಯಲ್ಲಿ “ಸ್ಪರ್ಧಿ”, “ಪ್ರಾವೀಣ್ಯ” ಎಂದು ತಿದ್ದಿ ಹಿಂದಿರುಗಿಸೋಣವೆಂದಿದ್ದೆ. ಹತ್ತನ್ನು ಒಂಬತ್ತು ಮಾಡಿದವನಿಗೆ ಆ ಅಧಿಕಾರ ಸದ್ಯಕ್ಕಿಲ್ಲ.

ಫೆಬ್ರುವರಿ ೯

ಅಕ್ಕ ಬಂದು ಇಂದಿಗೆ ಹನ್ನೆರಡು ದಿನ. ಸ್ಪರ್ಧೆ ಮುಗಿಯುವವರೆಗೆ ಮಗಳು ಹಗಲೆಲ್ಲ ಪ್ರಯೋಗಾಲಯದಲ್ಲಿರಬೇಕು. ಕಣ್ಣು ಕಾಣದ ತಾಯಿಯನ್ನು ಒಬ್ಬಳೇ ಬಿಡಲಾಗದೆಂದು ನನ್ನ ಮನೆಯ ಹಿಂದಿನ ಕೋಣೆಗೆ ತಂದಿಳಿಸಿದ್ದಾಳೆ. ಇಪ್ಪತ್ತೇಳು ವರ್ಷಗಳಿಂದ ನಾವಿಬ್ಬರೂ ಯಾರದಾದರೂ ಮದುವೆಯಲ್ಲಿ, ಮರಣದಲ್ಲಿ ಎದುರಾದರೆ ಮಾತ್ರ, ಅದೂ ಮೂರನೆಯವರ ಮುಖಾಂತರ, ಮಾತನಾಡಿದವರು. ನನಗೆ ಅಕ್ಕನ ಮಗಳ ಮಾತನ್ನು ತೆಗೆದುಹಾಕಲು ಆಗಲಿಲ್ಲ. ಅಷ್ಟೇ.

ನಡುಮನೆಯಿಂದ ಬಚ್ಚಲಿಗೆ ಹದಿನೇಳು ಹೆಜ್ಜೆ. ಅಕ್ಕ ಅದನ್ನು ಗಟ್ಟಿಯಾಗಿ ಎಣಿಸುತ್ತಾಳೆ, ದಿನಕ್ಕೆ ಎಂಟು ಬಾರಿ. ಇಂದು ನನ್ನ ಕುರ್ಚಿ ದಾರಿಯಲ್ಲಿತ್ತು.

“ಹದಿಮೂರು, ಹದಿನಾ... ಯಾರಪ್ಪ ಇದು ಇಲ್ಲಿ?”

“ಕುರ್ಚಿ.”

“ಕುರ್ಚಿ ಅಂತ ಮೊಣಕಾಲು ಹೇಳ್ತು. ಇಟ್ಟಿದ್ದು ಯಾರು ಅಂತ ಕೇಳಿದ್ದು.”

“ಈ ಮನೇಲಿ ನಾನೊಬ್ಬನೇ ಇದ್ದಿದ್ದು. ಇಟ್ಟ ಕಡೆ ಇರುತ್ತೆ ಅದು.”

“ಇರುತ್ತೆ, ಇರುತ್ತೆ. ಥೇಟ್ ನಿನ್ನ ಹಾಗೇ.”

ಕುರ್ಚಿಯನ್ನು ಅಲ್ಲಿಯೇ ಬಿಟ್ಟೆ.

ಫೆಬ್ರುವರಿ ೧೫

ಬೆರಳ ಗಂಟುಗಳಲ್ಲಿ ನೋವು. ಲೇಖನಿ ನಿಲ್ಲುವುದಿಲ್ಲ. ಅಕ್ಕನ ರೇಡಿಯೊದಲ್ಲಿ ವಾರ್ತೆ ಓದುವವನು “ನಾವೀನ್ಯತೆ” ಎಂದ. ಹಿಂದಿನ ಕೋಣೆಯಿಂದ ಅವಳ ದನಿ: “ಕೇಳಿಸ್ತಾ? ಇನ್ನು ಇವತ್ತು ಊಟ ಸೇರಲ್ಲ ನಿನಗೆ.”

ಸೇರಲಿಲ್ಲ.

ಫೆಬ್ರುವರಿ ೨೨

ಸಭಾಂಗಣದಲ್ಲಿ ಪೂರ್ವಾಭ್ಯಾಸ. ಮೂರು ಅಂತಸ್ತು ಮೆಟ್ಟಿಲು. ಎರಡನೆಯದರಲ್ಲಿ ಕುಳಿತು ಸುಧಾರಿಸಿಕೊಂಡೆ.

ಪಿಯಾನೊದ ಮುಂದಿನ ಆಸನ ಖಾಲಿ. ಕೀಲಿಗಳು ತಾವಾಗಿಯೇ ಇಳಿದು ಏಳುತ್ತಿದ್ದವು. ನೋಡಲು ಹಿತವಾದ ನೋಟವಲ್ಲ. ಕಣ್ಣು ಮುಚ್ಚಿದರೆ ಮಾತ್ರ ನನ್ನ ಕೈ. ಕಿರುಬೆರಳಿನ ಸ್ವರವನ್ನು ಒಂದು ಕೂದಲೆಳೆ ಮೊದಲೇ ಮುಟ್ಟುವ ನನ್ನ ಹಳೆಯ ಚಾಳಿಯೂ ಅದಕ್ಕೆ ಅಂಟಿದೆ. ಈ ಬೆರಳುಗಳು ಮಡಚದೆ ಒಂಬತ್ತು ವರ್ಷವಾಯಿತು. ಕೇಳುತ್ತ ಕೇಳುತ್ತ ಅವು ತೊಡೆಯ ಮೇಲೆ ಅಲುಗಿದವು. ಆಮೇಲೆ ಒಂದು ಕಡೆ ನಡೆ ಕುಗ್ಗಿತು.

“ಮಾವ, ಇಲ್ಲಿ. ಕೇಳಿಸ್ತಾ? ಯಾಕೆ ಎಳೀತಿದ್ರಿ ಇಲ್ಲಿ?”

“ಎಳೆಯೋದು ನನ್ನ ಅಭ್ಯಾಸ ಅಲ್ಲ. ನಿನ್ನ ಗಣಕ ಎಳೀತಿದೆ.”

“ಅದು ನಿಮ್ಮಿಂದಲೇ ಕಲ್ತಿದ್ದು. ಬೇರೆ ಗುರು ಇಲ್ಲ ಅದಕ್ಕೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ಕುಣಿದವರೂ ನೀವೇ ಮಾವ, ನೆಲವೂ ನೀವೇ.”

ಅವಳು ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಗಣಕಕ್ಕೆ ನನ್ನ ಸ್ವರಪುಸ್ತಕಗಳನ್ನು ಪುಟ ಪುಟವಾಗಿಯೇ ಉಣಿಸಿದ್ದಾಳೆ. ಎಲ್ಲಿ ಪುಟ ಮುಗಿಯುತ್ತದೆಂಬುದು ಅದಕ್ಕೆ ಗೊತ್ತು. ಎಳೆತವೆಲ್ಲ ಪುಟದ ಕೊನೆಯ ಆವರ್ತದಲ್ಲಿ, ತಾಳದ ಕೊನೆಯ ಸುತ್ತಿನಲ್ಲಿ. ಅದೂ ಬಲಪುಟದ್ದು ಮಾತ್ರ. ಎಡಪುಟದ ಕೊನೆಯಲ್ಲಿ ಒಂದು ಸಲವೂ ಇಲ್ಲ.

ನನಗೆ ಆ ಕ್ಷಣವೇ ತಿಳಿಯಿತು. ಎಡಪುಟದಿಂದ ಬಲಪುಟಕ್ಕೆ ಹೋಗಲು ಕಣ್ಣು ಸಾಕು. ಬಲಪುಟ ಮುಗಿದರೆ ಹಾಳೆ ತಿರುವಬೇಕು. ಹಾಳೆ ತಿರುವುತ್ತಿದ್ದವಳು ಅಕ್ಕ.

“ಇದು ಭಾವ ಅಲ್ಲ. ಪುಟ ತಿರುವೋರು ತಡ ಮಾಡಿದ್ದು. ತೆಗೆದುಹಾಕು,” ಎಂದೆ.

“ಅಮ್ಮನಾ?” ಎಂದು ಅವಳು ನನ್ನ ಮುಖ ನೋಡಿದಳು. ತರುವಾಯ ಕೆಲಸದ ದನಿಯಲ್ಲಿ ಹೇಳಿದಳು: “ತೆಗೀಬೇಕು ಅಂದ್ರೆ ನೀವೇ ಬರೆದುಕೊಡ್ಬೇಕು. ಯಾವ ಕ್ಯಾಸೆಟ್, ಯಾವ ದಿನ, ಎಷ್ಟು ತಡ, ಏನು ಕಾರಣ. ಮಾರ್ಚ್ ಇಪ್ಪತ್ತು, ಸಂಜೆ ಐದರ ಒಳಗೆ. ಆಮೇಲೆ ಮುಟ್ಟೋ ಹಾಗಿಲ್ಲ. ಬಿಟ್ರೆ ತೀರ್ಪುಗಾರರು ಅಂಕ ಕಳೀತಾರೆ. ಆರು ವರ್ಷದ ಕೆಲಸ ಮಾವ ಇದು.”

ಬರೆದುಕೊಡುತ್ತೇನೆ ಎಂದೆ. ಸಂತೋಷದಿಂದಲೇ ಎಂದೆ.

ಫೆಬ್ರುವರಿ ೨೩

ಹಳೆಯ ಸ್ವರಪುಸ್ತಕಗಳನ್ನು ಇಳಿಸಿದೆ. ಪ್ರತಿ ಬಲಪುಟದ ಕೆಳಮೂಲೆಯೂ ಹೆಬ್ಬೆರಳಿನ ಅಗಲ ಕಪ್ಪಾಗಿ ಮೆತ್ತಗಾಗಿದೆ. ಸಾಕ್ಷಿ ಇದಕ್ಕಿಂತ ಬೇಕಿಲ್ಲ.

ಹದಿಮೂರು ವರ್ಷ ಅಕ್ಕ ನನ್ನ ಎಡಗಡೆಯ ಮುಕ್ಕಾಲಿಯ ಮೇಲೆ ಕುಳಿತು ಹಾಳೆ ತಿರುವಿದಳು. ಸುಲಭದ ಕೆಲಸವಲ್ಲ; ನಾನು ಅಲ್ಲಗಳೆಯುವುದಿಲ್ಲ. ನುಡಿಸುವವನ ಕಣ್ಣು ಕೈಗಿಂತ ಒಂದು ಆವರ್ತ ಮುಂದಿರುತ್ತದೆ. ಆದ್ದರಿಂದ ಕೊನೆಯ ಆವರ್ತ ಇನ್ನೂ ಕೈಯಲ್ಲಿರುವಾಗಲೇ ಹಾಳೆ ಮಗುಚಬೇಕು. ಏಳಬೇಕು, ತಿರುವಬೇಕು, ಕೂರಬೇಕು, ಸದ್ದಾಗಬಾರದು.

೧೯೯೭ರ ಅಕ್ಟೋಬರ್ ೧೧ರ ಕಚೇರಿ. ಉತ್ತರಾರ್ಧಕ್ಕೆ ಒಂದು ಹೊಸ ಕೃತಿ. ಸ್ವರಪುಟಗಳು ಕೈಸೇರಿ ಎರಡೇ ದಿನವಾಗಿತ್ತು. ಮೊದಲ ಬಲಪುಟ ಮುಗಿಯಿತು, ಹಾಳೆ ಮಗುಚಲಿಲ್ಲ. ನನ್ನ ಕೈ ನಿಂತಿತು. ಆರು ನೂರು ಜನರ ಎದುರು ನಾನೇ ಹಾಳೆಯನ್ನು ಕಿತ್ತು ತಿರುವಿದೆ, ಅರ್ಧಕ್ಕೆ ಹರಿಯಿತು. ಆ ನಿಶ್ಶಬ್ದದಲ್ಲಿ ಅವಳಿಗೆ, “ಗಮನ ಎಲ್ಲಿಟ್ಟಿದ್ದೀಯ?” ಎಂದೆ. ಕೊನೆಯ ಸಾಲಿಗೂ ಕೇಳಿಸಿತಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೃತಿ ಮುಗಿಯುವವರೆಗೆ ಅವಳು ಕುಳಿತಿದ್ದಳು. ಆಮೇಲೆ ಪಕ್ಕದ ಬಾಗಿಲಿನಿಂದ ಹೊರಟವಳು ಮತ್ತೆ ನನ್ನ ಎಡಕ್ಕೆ ಕೂರಲಿಲ್ಲ.

ಮರುವರ್ಷ ವೈದ್ಯರು ಅವಳ ಕಾಯಿಲೆಗೆ ಹೆಸರಿಟ್ಟರು. ಕಣ್ಣಿನ ಒಳಪರದೆ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುವ ಕಾಯಿಲೆ. ಒಂದು ವರ್ಷ ಮೊದಲೇ ಬಂದಿದ್ದರೆ ಅವಳಿಗೊಂದು ನೆಪವಾದರೂ ಇರುತ್ತಿತ್ತು ಎಂದು ಆಗ ಅಂದುಕೊಂಡಿದ್ದೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ.

ಮಾರ್ಚ್ ೨

ಸಮಿತಿಗೆ ದೋಷಪಟ್ಟಿ ಸಿದ್ಧಪಡಿಸುತ್ತಿದ್ದೇನೆ. ಅಕ್ಕನ ಮಗಳು ಅಳತೆಗಳನ್ನು ಬರೆದುಕೊಟ್ಟಿದ್ದಾಳೆ. ಬಲಪುಟದ ಕೊನೆಯಲ್ಲಿ ಸರಾಸರಿ ತಡ, ಸೆಕೆಂಡಿನ ಹತ್ತನೆಯ ಪಾಲುಗಳಲ್ಲಿ. (“ಕ್ಷಣ” ಎಂದು ಬರೆಯಬಹುದಿತ್ತು, ಆದರೆ ಯಾರ ಕ್ಷಣ ಎಷ್ಟು ಉದ್ದವೆಂದು ಯಾರು ಬಲ್ಲರು? ಸೆಕೆಂಡು ಇರಲಿ.) ಒಂದರಿಂದ ಒಂಬತ್ತನೆಯ ಸುರುಳಿಯವರೆಗೆ: ೦, ೨, ೫, ೦, ೯, ೧, ೪, ೭, ೧೧.

ಸುರುಳಿಗಳ ಮೇಲಿನ ದಿನಾಂಕದ ಪ್ರಕಾರ ಎಂಬತ್ತಾರರಲ್ಲಿ ಚಾಚೂ ತಪ್ಪದೆ ತಿರುವಿದವಳು ಎಂಬತ್ತೇಳರಲ್ಲಿ ಒಂಬತ್ತು ಪಾಲು ತಡ ಮಾಡಿದ್ದಾಳೆ; ಎಂಬತ್ತೆಂಟರಲ್ಲಿ ಮತ್ತೆ ಬಹುತೇಕ ಸರಿ. ಇದು ಸಾಮರ್ಥ್ಯದ ಪ್ರಶ್ನೆಯಲ್ಲ, ಮನಸ್ಸಿನದು. ಮನಸ್ಸಿದ್ದ ದಿನ ಗಮನ, ಇಲ್ಲದ ದಿನ ಅಲಕ್ಷ್ಯ. ಕಾರಣದ ಅಂಕಣದಲ್ಲಿ “ಪುಟ ತಿರುವುವವರ ಅಲಕ್ಷ್ಯ” ಎಂದು ಬರೆದೆ.

ಒಂದೇ ಒಂದು ತೊಡಕು. ಎರಡನೆಯ, ಮೂರನೆಯ ಸುರುಳಿಗಳೆರಡರ ಮೇಲೂ ೧೯೮೫ ಆಗಸ್ಟ್ ೯ ಎಂದಿದೆ. ಆ ಆಗಸ್ಟ್ ಇಡೀ ನನ್ನ ಎಡ ಮಣಿಕಟ್ಟು ಮುರಿದು ಪಟ್ಟಿ ಕಟ್ಟಿತ್ತು. ಬರೆದವನನ್ನೇ ಕೇಳಬೇಕು.

ಮಾರ್ಚ್ ೫

ಅಕ್ಕನನ್ನು ದಂತವೈದ್ಯರಲ್ಲಿಗೆ ಕರೆದೊಯ್ದೆ. ಅಡ್ಡದಾರಿಯಲ್ಲಿ ಹಸಿರು ದೀಪ ಬಂದಿತ್ತು. ಅವಳ ಕೋಲು ಇನ್ನೂ ಕಾಲುದಾರಿಯ ಅಂಚನ್ನು ಹುಡುಕುತ್ತಿತ್ತು. ಸಿಕ್ಕುವಷ್ಟರಲ್ಲಿ ಕೆಂಪು. ಇನ್ನೊಂದು ಹಸಿರಿಗೆ ನಿಂತೆವು. ಕಾಲು ಸೋತುಹೋಯಿತು.

ಕುರ್ಚಿಯನ್ನು ಗೋಡೆಗೆ ಒತ್ತಿಟ್ಟೆ. ನನಗೂ ತಾಗುತ್ತಿತ್ತು.

ಮಾರ್ಚ್ ೮

ಧ್ವನಿಮುದ್ರಣ ಮಾಡಿ ಸುರುಳಿಗಳ ಮೇಲೆ ದಿನಾಂಕ ಬರೆದವನು ನಮ್ಮ ಕಿವಿರಾಯ, ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಿದ್ದವನು. ಈಗ ಒಂದು ಕಿವಿ ಪೂರ್ತಿ ಹೋಗಿದೆ, ಬಿರುದು ಉಳಿದಿದೆ. ಅವನ ಅಂಗಡಿಯಲ್ಲಿ ತಂತಿಯ ಸುರುಳಿ, ಉಣ್ಣೆಯ ಚೂರು, ಹಲ್ಲು ಬಿದ್ದ ಕೀಲಿಮಣೆಗಳ ನಡುವೆ ಒಂದು ಸ್ಟೂಲು ಬಿಡಿಸಿಕೊಟ್ಟ.

“ಬನ್ನಿ ಪಂಡಿತರೇ. ಬಲಗಡೆ ಕೂತ್ಕೋ. ಎಡಗಿವಿಗೆ ಶುದ್ಧ ಕನ್ನಡವೂ ಒಂದೇ, ಅಶುದ್ಧವೂ ಒಂದೇ.”

ಆಗಸ್ಟ್ ೯ರ ವಿಷಯ ಹೇಳಿದೆ. ಅವನು ನಕ್ಕ.

“ಅದು ನೀನು ನುಡಿಸಿದ ದಿನ ಅಂತ ಯಾರು ಹೇಳಿದ್ರು?”

“ಮತ್ತೆ ಯಾವುದು?”

“ನಾನು ಆ ಪಿಯಾನೊಗೆ ಶ್ರುತಿ ಕೂಡಿಸಿದ ದಿನ.”

“ಅಯ್ಯಾ, ನುಡಿಸಿದ್ದು ನಾನು!”

“ನುಡಿಸೋ ಹಾಗೆ ಮಾಡಿದ್ದು ನಾನು. ನಿನ್ನ ಮನೆ ಪಿಯಾನೊನ ಎಂಬತ್ತೈದರಲ್ಲಿ ಮುಟ್ಟಿದ್ದು. ಆಮೇಲೆ ಏಳೆಂಟು ವರ್ಷ ನೀನು ಕರೀಲೇ ಇಲ್ಲ, ಜಿಪುಣ. ಅದರಲ್ಲಿ ಯಾವತ್ತು ನುಡಿಸಿದ್ರೂ ನನ್ನ ಪಾಲಿಗೆ ಎಂಬತ್ತೈದೇ. ಐದನೇ ಸುರುಳಿ ಶಾಲೆಯ ಪಿಯಾನೊದ್ದು, ಅದೂ ಅಷ್ಟೇ, ಎಂಬತ್ತೇಳರಲ್ಲಿ ಮುಟ್ಟಿದ್ದು.”

ನಾಲ್ಕು ದಶಕ ನಾನು ಕಣ್ಣಿಗೊತ್ತಿಕೊಂಡು ಕಾಪಾಡಿದ ದಿನಾಂಕಗಳು ಒಬ್ಬ ಶ್ರುತಿಗಾರನ ತಿರುಪುಗಳ ಚರಿತ್ರೆ! ಮುದ್ರಿಸಿದ ದಿನಗಳನ್ನೂ ಅವನು ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದ. “ನಾನೇನು ಅಷ್ಟು ದಡ್ಡನಾ?” ಎಂದು ಧೂಳು ಕೊಡವಿ ಕೊಟ್ಟ.

ಹೊರಡುವಾಗ ಕೇಳಿದ: “ಅಕ್ಕ ಹೇಗಿದ್ದಾಳೆ? ಪಾಪ, ಸಭಾಂಗಣದ ಹಿಂದಿನ ಮೆಟ್ಟಿಲು ಇಳೀವಾಗ ನನ್ನ ತೋಳು ಬಿಡ್ತಿರಲಿಲ್ಲ. ತೊಂಬತ್ತರ ಸುಮಾರಿನಿಂದಾನೂ.”

“ಆ ಮೆಟ್ಟಿಲು ಕಡಿದು,” ಎಂದೆ.

“ಇರಬಹುದು,” ಎಂದ ಕಿವಿರಾಯ.

ಮಾರ್ಚ್ ೯

ಸರಿಯಾದ ದಿನಾಂಕದ ಕ್ರಮದಲ್ಲಿ ಸುರುಳಿಗಳನ್ನು ಜೋಡಿಸಿದೆ. ಅಳತೆಗಳನ್ನು ಪಕ್ಕದಲ್ಲಿ ಬರೆದೆ.

೦, ೦, ೧, ೨, ೪, ೫, ೭, ೯, ೧೧.

ಮೂರು ಸಲ ತಾಳೆ ನೋಡಿದೆ. ಎಲ್ಲಿಯೂ ಇಳಿಯುವುದಿಲ್ಲ. ಅಲಕ್ಷ್ಯಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.

ಮಾರ್ಚ್ ೧೦

ಏನೂ ಬರೆಯಲಾರೆ.

ಮಾರ್ಚ್ ೧೪

ಬೆಳಗ್ಗೆ ಚಹದ ಹೊತ್ತು. ಬಟ್ಟಲಿನ ಹಿಡಿಯನ್ನು ಅವಳ ಬಲಗೈಯತ್ತ ತಿರುಗಿಸಿ ಇಟ್ಟು, ಎದುರು ಕುಳಿತೆ. ನಾಲ್ಕು ದಿನದಿಂದ ವಾಕ್ಯವನ್ನು ಕಟ್ಟುತ್ತಿದ್ದೆ. ಬಾಯಿಂದ ಬಂದದ್ದು ಬೇರೆ.

“ಅಕ್ಕ, ಎಂಬತ್ತೆಂಟರಿಂದಲೇ ನಿನಗೆ ಕಣ್ಣು ಕಾಣಿಸ್ತಿರಲಿಲ್ಲ.”

ಅವಳು ಮೇಜಿನ ಅಂಚನ್ನು ಬೆರಳಲ್ಲಿ ಹುಡುಕಿ ಬಟ್ಟಲು ಕೆಳಗಿಟ್ಟಳು.

“ಅಂಚು ಕಾಣಿಸ್ತಿರಲಿಲ್ಲ. ಮಧ್ಯ ಇತ್ತು. ಆಮೇಲಾಮೇಲೆ ಮಧ್ಯಾನೂ ಚಿಕ್ಕದಾಯ್ತು.”

“ಮತ್ತೆ ಪುಟ ಹೇಗೆ ತಿರುವ್ತಿದ್ದೆ?”

“ಕಿವಿಯಿಂದ. ನೀನು ಒಂದೊಂದು ಸಾಲನ್ನೂ ಪಾತ್ರೆ ತಿಕ್ಕೋ ಹಾಗೆ ನೂರು ಸಲ ತಿಕ್ಕೋನು. ಕೇಳಿ ಕೇಳಿ ಎಲ್ಲಾ ಬಾಯಿಪಾಠ. ಕೊನೇ ಆವರ್ತ ಶುರುವಾಗಿದ್ದು ಕೇಳಿಸ್ತಿತ್ತು. ಆಮೇಲೆ ಹಾಳೆ ಮೂಲೆ ಹುಡುಕ್ತಿದ್ದೆ. ಹುಡುಕೋಕೆ ಹೊತ್ತು ಬೇಕಲ್ಲ.”

“ಹೇಳಬಹುದಿತ್ತು.”

“ಹೇಳಿದ್ರೆ ಬೇರೆಯವರನ್ನ ಕೂರಿಸ್ಕೋತಿದ್ದೆ.”

ಇಲ್ಲವೆಂದರೆ ಸುಳ್ಳಾಗುತ್ತಿತ್ತು.

“ನೀನು ಕಾಯ್ತಿದ್ದೆಯಲ್ಲ,” ಎಂದಳು. “ಪ್ರತಿ ಸಲ ಕಾಯ್ತಿದ್ದೆ. ಇವನಿಗೆ ಗೊತ್ತಾಗಿದೆ, ಬಾಯಿಬಿಟ್ಟು ಹೇಳದೆ ನಿಭಾಯಿಸ್ತಿದ್ದಾನೆ ಅಂತ ಅಂದ್ಕೊಂಡಿದ್ದೆ. ಅಷ್ಟು ವರ್ಷ ಹಾಗೇ ಅಂದ್ಕೊಂಡೆ. ಆಮೇಲೆ ಆವತ್ತು ನೀನು ಕಾಯಲಿಲ್ಲ. ಹೊಸ ಕೃತಿ, ನನ್ನ ಕಿವಿಗೆ ಬಿದ್ದಿರಲಿಲ್ಲ. ಇವನು ಕಾಯ್ತಾನೆ ಅನ್ನೋ ಧೈರ್ಯದ ಮೇಲೆ ಕೂತಿದ್ದೆ.”

ಇಪ್ಪತ್ತೇಳು ವರ್ಷ ನಾನು ಅವಳ ತಪ್ಪನ್ನು ಕ್ಷಮಿಸದೆ ಇದ್ದೆ. ಅವಳೋ, ಎಲ್ಲ ತಿಳಿದೂ ಬೇಕೆಂದೇ ಆರು ನೂರು ಜನರ ಮುಂದೆ ನಾನು ಅವಳನ್ನು ಬಯಲು ಮಾಡಿದೆನೆಂದು ನಂಬಿದ್ದಳು. ನಂಬಿಯೂ ನನ್ನ ಮನೆಗೆ ಬಂದಿದ್ದಾಳೆ.

“ನನಗೆ ಗೊತ್ತಿರಲಿಲ್ಲ ಅಕ್ಕ. ನಿನ್ನ ಕಣ್ಣಿನ ವಿಷಯ ಹಾಗಿರಲಿ, ನಾನು ಕಾಯ್ತಿದ್ದೆ ಅನ್ನೋದೇ ಗೊತ್ತಿರಲಿಲ್ಲ. ಮೊನ್ನೆ ಗಣಕ ನುಡಿಸಿದಾಗ ಗೊತ್ತಾಯ್ತು.”

ಅವಳು ಬಟ್ಟಲಿನ ಹಿಡಿಯನ್ನು ಸುತ್ತಲೂ ತಿರುಗಿಸಿದಳು.

“ಯಾವುದು ವಾಸಿ ಅಂತ ಯೋಚಿಸ್ತಿದ್ದೀನಿ. ಗೊತ್ತಿದ್ದೂ ಹಾಗೆ ಅಂದಿದ್ದೋ, ಗೊತ್ತಿಲ್ಲದೇ ಅಷ್ಟು ವರ್ಷ ಕಾದಿದ್ದೋ.”

“ಯಾವುದು?”

“ಚಹ ಆರಿಹೋಯ್ತು. ಬಿಸಿ ಮಾಡ್ಕೊಂಡು ಬಾ.”

ಬಿಸಿ ಮಾಡಿ ತಂದೆ.

ಮಾರ್ಚ್ ೧೭

ಹತ್ತನೆಯ ಸುರುಳಿಯನ್ನು ಕೇಳಿದೆ. ಪೂರ್ವಾರ್ಧ ಸೊಗಸಾಗಿದೆ. ಉತ್ತರಾರ್ಧದಲ್ಲಿ ನನ್ನ ದನಿ ಬರುತ್ತದೆ. ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ.

ಮಾರ್ಚ್ ೨೦

ಮಧ್ಯಾಹ್ನ ಮೂರಕ್ಕೆ ಅಕ್ಕನ ಮಗಳು ಬಂದಳು. ಮುಖದಲ್ಲಿ ನಿದ್ದೆಯಿಲ್ಲ. ದೋಷಪಟ್ಟಿ ಎಲ್ಲಿ ಎಂದಳು. ತಿದ್ದಿದ ಹಾಳೆಯನ್ನೂ ಹತ್ತನೆಯ ಸುರುಳಿಯನ್ನೂ ಮುಂದಿಟ್ಟೆ. ಕಾರಣದ ಅಂಕಣ ಖಾಲಿ ಬಿಟ್ಟಿದ್ದೆ.

ಅವಳು ಅಂಕಿಗಳ ಮೇಲೆ ಬೆರಳಾಡಿಸಿದಳು, ಮೇಲಿಂದ ಕೆಳಕ್ಕೆ. ಅಳತೆಯ ಕೆಲಸದವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಎಂಬತ್ತೆಂಟರಲ್ಲಿ ನನಗೆ ಮೂರು ವರ್ಷ,” ಎಂದಳು. “ಅಂದ್ರೆ ನಾನು ಪೂರ್ತಿ ಕಾಣಿಸಿದ್ದು ಅಮ್ಮನಿಗೆ ಆ ಮೂರೇ ವರ್ಷ.”

ಹಿಂದಿನ ಕೋಣೆಯಿಂದ ಅಕ್ಕ ಕೂಗಿದಳು: “ಕಣ್ಣಷ್ಟೇ ಹೋಗಿರೋದು ಕಣೇ, ಎಲ್ಲಾ ಕೇಳಿಸುತ್ತೆ. ಅದನ್ನ ತೆಗೆದು ಬಿಸಾಕು. ಸತ್ತ ಹಾವನ್ನ ಹೊತ್ಕೊಂಡು ಸ್ಪರ್ಧೆಗೆ ಹೋಗ್ತಾರಾ ಯಾರಾದ್ರೂ? ಆರು ವರ್ಷದ ಕೆಲಸ ನಿಂದು.”

“ಇದನ್ನ ಕಳಿಸಿದ್ರೆ ತೆಗೀಬಹುದು ಮಾವ. ತೆಗೀಲಾ?”

“ನಿನ್ನ ಗಣಕ,” ಎಂದೆ. “ನಿನ್ನ ತಾಯಿ.”

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ನನ್ನ ಕೈಗೆ ಹಿಂದಿರುಗಿಸಿದಳು. ಸುರುಳಿಯನ್ನು ಅಳೆಯಲೆಂದು ಚೀಲಕ್ಕೆ ಹಾಕಿಕೊಂಡಳು. ಒಳಗೆ ಹೋಗಿ ತಾಯಿಯ ಪಕ್ಕದಲ್ಲಿ ಕುಳಿತಳು. ಐದು ಹೊಡೆಯಿತು. ಅಕ್ಕ ಅದನ್ನೂ ಗಟ್ಟಿಯಾಗಿಯೇ ಎಣಿಸಿದಳು.

ಮಾರ್ಚ್ ೨೬

ದಿನಪತ್ರಿಕೆಯ ಸಂಪಾದಕೀಯವನ್ನು ಅಕ್ಕನಿಗೆ ಓದಿ ಹೇಳಿದೆ. ನಡುನಡುವೆ ನಾನು ತಿದ್ದುತ್ತಿದ್ದುದರಿಂದ ಮುಗಿಯಲು ಒಂದು ಗಂಟೆ ಹಿಡಿಯಿತು. “ಬರೆದವನು ಬರೆದ ಹಾಗೆ ಓದೋ, ನಾಳೆ ಪತ್ರಿಕೆ ಬಂದುಬಿಡುತ್ತೆ,” ಎಂದಳು.

ಏಪ್ರಿಲ್ ೬

ಸ್ಪರ್ಧೆ. ಅಕ್ಕನೂ ಬಂದಳು. ಮೂರು ಅಂತಸ್ತಿಗೆ ಅರುವತ್ತಾರು ಮೆಟ್ಟಿಲು ಎಂದು ಇಂದು ತಿಳಿಯಿತು.

ಮೊದಲ ಎರಡು ಗಣಕಗಳು ನುಣ್ಣಗೆ ನುಡಿಸಿದವು. ಒಂದು ಎಲ್ಲ ಕಡೆಯೂ ಅಳುತ್ತಿತ್ತು, ಇನ್ನೊಂದು ಎಲ್ಲ ಕಡೆಯೂ ಮುಗುಳ್ನಗುತ್ತಿತ್ತು. ನಮ್ಮದು ಮೂರನೆಯದು. ಕೃತಿ ಐದು ಪುಟ, ಎರಡು ಬಲಪುಟ. ನಾನು ಕೈ ಕಟ್ಟಿ ಕುಳಿತಿದ್ದೆ.

ಮೊದಲ ಬಲಪುಟದ ಕೊನೆಯ ಆವರ್ತದಲ್ಲಿ ನಡೆ ಕುಗ್ಗಿತು. ಖಾಲಿ ಆಸನದ ಮುಂದೆ ಕೀಲಿಗಳು ಯಾರನ್ನೋ ಕಾದಂತೆ ನಿಧಾನವಾದವು. ಎಡಗಡೆ ಮುಕ್ಕಾಲಿಯಿಲ್ಲ, ಹಾಳೆಯಿಲ್ಲ, ಯಾರೂ ಇಲ್ಲ. ನನ್ನ ಪಕ್ಕದಲ್ಲಿ ಅಕ್ಕನ ಕೈ ಮಡಿಲಿನಿಂದ ಎದ್ದಿತು. ಹೆಬ್ಬೆರಳು, ತೋರುಬೆರಳು ಗಾಳಿಯಲ್ಲಿ ಒಂದು ಮೂಲೆಯನ್ನು ಹುಡುಕಿ, ಹಿಡಿದು, ಮಗುಚಿದವು. ಕೀಲಿಗಳು ಮುಂದುವರಿದವು.

ತಡವಾಗಲಿಲ್ಲ.

ಏಪ್ರಿಲ್ ೮

ಫಲಿತಾಂಶ. ಐವರಲ್ಲಿ ನಾಲ್ಕನೆಯ ಸ್ಥಾನ. ತೀರ್ಪುಗಾರರ ಟಿಪ್ಪಣಿ: “ಎರಡು ಕಡೆ ಅಕಾರಣ ವಿಳಂಬ.” ಪದಗಳೆಲ್ಲ ಶುದ್ಧ. ಹೇಳಿದ್ದು ಸುಳ್ಳು.

“ನಾಲ್ಕನೇದು, ಐದನೇದಲ್ಲ,” ಎಂದಳು ಅಕ್ಕನ ಮಗಳು. ನಗಲು ನೋಡಿದಳು, ಆಗಲಿಲ್ಲ.

“ಐದನೇದು ಮಧ್ಯದಲ್ಲೇ ಕೆಟ್ಟು ನಿಂತ್ಹೋಯ್ತಂತಲ್ಲ,” ಎಂದಳು ಅಕ್ಕ. ಆಗ ಮೂವರೂ ನಕ್ಕೆವು.

ಭಾನುವಾರ ತಾಯಿಯನ್ನು ಕರೆದೊಯ್ಯುತ್ತೇನೆಂದಳು. ಹಿಂದಿನ ಕೋಣೆಯ ಹಾಸಿಗೆಯನ್ನು ತೆಗೆಯುವ ಅವಸರವಿಲ್ಲ ಎಂದೆ. ಮಡಚುವುದು ನನ್ನ ಬೆರಳುಗಳಿಗೆ ಕಷ್ಟ.

ಏಪ್ರಿಲ್ ೧೦

ಸಮಿತಿಗೆ ಬರೆದ ಪತ್ರದ ನಕಲು:

“ಮಾನ್ಯ ಕಾರ್ಯದರ್ಶಿಯವರೇ, ಫೆಬ್ರುವರಿ ೪ರ ಪತ್ರದಲ್ಲಿ ನಾನು ಕೋರಿದ ಕ್ಷಮೆಯೇ ತಪ್ಪು. ಮೊದಲು ಬರೆದ ಹತ್ತು ಸರಿ. ‘ಬೇರೆ ಯಾರ ಪಾಲೂ ಇಲ್ಲ’ ಎಂಬ ವಾಕ್ಯವನ್ನು ದಯಮಾಡಿ ಹೊಡೆದುಹಾಕಿ. ಪುಟ ತಿರುವಿದವಳು ನನ್ನ ಅಕ್ಕ. ಸುರುಳಿಗಳ ಮೇಲಿದ್ದ ದಿನಾಂಕಗಳು ಪಿಯಾನೊಗೆ ಶ್ರುತಿ ಕೂಡಿಸಿದವು, ನುಡಿಸಿದವಲ್ಲ. ಫಲಿತಾಂಶವನ್ನು ಬದಲಿಸಬೇಕೆಂದು ಕೇಳುತ್ತಿಲ್ಲ, ದಾಖಲೆ ಸರಿಯಾಗಿರಲಿ. ವಿಳಂಬಕ್ಕೆ ಕಾರಣವಿತ್ತು. ತಿದ್ದಿದ ದಿನಾಂಕಗಳು, ಬಲಪುಟದ ಕೊನೆಯಲ್ಲಿ ಕಾದ ಅವಧಿಯೊಡನೆ:

ಸುರುಳಿ ೧: ೧೯೮೪ ಮಾರ್ಚ್ ೧೮ ಅಲ್ಲ, ಮಾರ್ಚ್ ೨೦. ಕಾಯಬೇಕಾಗಿರಲಿಲ್ಲ.

ಸುರುಳಿ ೪: ೧೯೮೬ ಜೂನ್ ೨ ಅಲ್ಲ, ಜೂನ್ ೯. ಕಾಯಬೇಕಾಗಿರಲಿಲ್ಲ.

ಸುರುಳಿ ೬: ೧೯೮೮ ಫೆಬ್ರುವರಿ ೧೪ ಅಲ್ಲ, ಫೆಬ್ರುವರಿ ೧೫. ಕಾದದ್ದು ೦.೧ ಸೆಕೆಂಡು.

ಸುರುಳಿ ೨: ೧೯೮೫ ಆಗಸ್ಟ್ ೯ ಅಲ್ಲ, ೧೯೮೯ ನವೆಂಬರ್ ೨೬. ೦.೨.

ಸುರುಳಿ ೭: ೧೯೯೦ ಅಕ್ಟೋಬರ್ ೫ ಅಲ್ಲ, ೧೯೯೧ ಜನವರಿ ೧೨. ೦.೪.

ಸುರುಳಿ ೩: ೧೯೮೫ ಆಗಸ್ಟ್ ೯ ಅಲ್ಲ, ೧೯೯೨ ಜುಲೈ ೩. ೦.೫.

ಸುರುಳಿ ೮: ೧೯೯೩ ಏಪ್ರಿಲ್ ೨೧ ಅಲ್ಲ, ಏಪ್ರಿಲ್ ೨೨. ೦.೭.

ಸುರುಳಿ ೫: ೧೯೮೭ ಜನವರಿ ೩೦ ಅಲ್ಲ, ೧೯೯೫ ಮಾರ್ಚ್ ೮. ೦.೯.

ಸುರುಳಿ ೯: ೧೯೯೬ ಮೇ ೧೭ ಅಲ್ಲ, ಮೇ ೧೯. ೧.೧.

ಸುರುಳಿ ೧೦: ೧೯೯೭ ಅಕ್ಟೋಬರ್ ೧೦ ಅಲ್ಲ, ಅಕ್ಟೋಬರ್ ೧೧. ಪೂರ್ವಾರ್ಧದಲ್ಲಿ ೧.೨. ಉತ್ತರಾರ್ಧದಲ್ಲಿ ಕಾಯಲಿಲ್ಲ.”